ಕುರುಡು ಕಿಟಕಿಗೊಂದು ದೃಷ್ಟಿಬೊಟ್ಟು

ಹುಬ್ಬಳ್ಳಿಯ ದ್ಯಾಮಣ್ಣನನ್ನು ಸಿಡ್ನಿಗೆ ಬಂದ ಮೇಲೂ ಎರಡು ಭಯ ಬಿಟ್ಟಿರಲಿಲ್ಲ. ಒಂದು ಕೆಟ್ಟ ಕಣ್ಣು, ಇನ್ನೊಂದು ಷಡ್ಡಕನ ಫೋನು. ಕೆಟ್ಟ ಕಣ್ಣಿಗಾದರೂ ಔಷಧವಿತ್ತು. ಅವ್ವ ಚನ್ನಕ್ಕ ಔಡಲೆಣ್ಣೆ ದೀಪದ ಮಸಿಯನ್ನು ತಾಮ್ರದ ತಟ್ಟೆಗೆ ಹಿಡಿದು, ಅದೇ ಎಣ್ಣೆಯಲ್ಲಿ ಕಲಸಿ, ಪುಟ್ಟ ಡಬ್ಬಿಯಲ್ಲಿ ತುಂಬಿ ಕಳಿಸಿದ್ದ ಕಾಡಿಗೆ ಅದು. ಷಡ್ಡಕನಿಗೆ ಮಾತ್ರ ಯಾವ ಔಷಧವೂ ನಾಟುತ್ತಿರಲಿಲ್ಲ.

ಷಡ್ಡಕ ಶಿವಪುತ್ರಪ್ಪ ದ್ಯಾಮಣ್ಣನ ಹೆಂಡತಿ ರುದ್ರಾಣಿಯ ಅಕ್ಕನ ಗಂಡ. ಮೆಲ್ಬರ್ನ್‌ನ ಕ್ರಾನ್‌ಬರ್ನ್‌ನಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು, ದೊಡ್ಡದೊಂದು ಗೋಡೌನ್‌ನಲ್ಲಿ ಸೂಪರ್‌ವೈಸರ್ ಆಗಿದ್ದ. ಭಾನುವಾರ ಬಂತೆಂದರೆ ಅವನ ಫೋನ್ ಬರುತ್ತಿತ್ತು.

"ದ್ಯಾಮಣ್ಣ, ಎಷ್ಟ ದಿನಾ ಅಂತ ಮಂದಿ ಗ್ವಾಡಿಗೆ ಬಣ್ಣಾ ಬಳಕೋತ ಇರ್ತಿ? ಇಲ್ಲಿಗೆ ಬಾ. ಮಾಲ ಎತ್ತೂ ಫೋರ್ಕ್‌ಲಿಫ್ಟ್ ಹೊಡಿಯೂದ ಕಲಸ್ತೀನಿ. ರುದ್ರಾಣಿಗೂ ಇಲ್ಲೇ ಆಸ್ಪತ್ರ್ಯಾಗ ಕೆಲಸಾ ಸಿಗತೈತಿ."

"ನೋಡೂಣ್ರಿ ಅಣ್ಣಾರ," ಎಂದು ದ್ಯಾಮಣ್ಣ ಫೋನನ್ನು ಹೆಂಡತಿಯ ಕೈಗೆ ದಾಟಿಸಿಬಿಡುತ್ತಿದ್ದ.

ಶಿವಪುತ್ರಪ್ಪ ಕೆಟ್ಟವನೇನಲ್ಲ. ಆದರೆ ಅವನ ಉಪಕಾರದಲ್ಲಿ ಸದಾ ಒಂದು ಹಿಡಿ ಉಪ್ಪು ಹೆಚ್ಚಿರುತ್ತಿತ್ತು. ಅವನ ಕೈಕೆಳಗೆ ಕೆಲಸ ಮಾಡಿದರೆ ಬೀಗರು ಸೇರಿದ ಕಡೆಯಲ್ಲೆಲ್ಲ 'ನಮ್ಮ ದ್ಯಾಮಣ್ಣಗ ನಾನ ದಾರಿ ತೋರಿಸಿದೆ' ಎಂಬ ಮಾತು ಕೇಳಿಸಿಕೊಂಡೇ ಮುದುಕನಾಗಬೇಕು.

ಹಾಗಂತ ಸಿಡ್ನಿಯಲ್ಲಿ ಅವನದೇನೂ ರಾಜ್ಯಭಾರ ನಡೆದಿರಲಿಲ್ಲ. ರುದ್ರಾಣಿ ನರ್ಸ್; ಅಲ್ಲೇ ನೆಲೆಸಲು ಪಿಆರ್ ಸಿಕ್ಕಿದ್ದೂ ಅವಳ ಓದಿನಿಂದಲೇ. ಕೆಲ್ಲಿವಿಲ್‌ನಲ್ಲಿ ರೆಂಟಿನ ಮನೆ. ದ್ಯಾಮಣ್ಣ ವರ್ಷಗಟ್ಟಲೆ ಒಬ್ಬ ಬಾಸ್‌ನ ಕೈಕೆಳಗೆ ಹೊಸ ಮನೆಗಳಿಗೆ ಯಂತ್ರದಲ್ಲಿ ಬಣ್ಣ ಉಗ್ಗಿದ. ಗೋಡೆ ಅಂದರೆ ಅಲ್ಲಿ ಹಲಗೆ. ಬೆರಳಲ್ಲಿ ತಟ್ಟಿದರೆ ಡಬ್ಬ ಸದ್ದು. ಹಳೇ ಹುಬ್ಬಳ್ಳಿಯಲ್ಲಿ ಸೋದರಮಾವ ಅಡಿವೆಪ್ಪನ ಹಿಂದೆ ಸುಣ್ಣದ ಬಕೆಟ್ ಹೊತ್ತು ಕೆಲಸ ಕಲಿತವನಿಗೆ ಅದು ಕೆಲಸ ಅನಿಸುತ್ತಲೇ ಇರಲಿಲ್ಲ. ಕಡೆಗೊಮ್ಮೆ ಧೈರ್ಯ ಮಾಡಿ ಸ್ವಂತ ಲೈಸೆನ್ಸ್ ಮಾಡಿಸಿಕೊಂಡ. ಗಂಡ ಹೆಂಡತಿ ಕೂತು ಒಂದು ಮಾತಿಗೆ ಬಂದರು: ಮೊದಲ ಸ್ವಂತ ಕೆಲಸ ಒಪ್ಪಿಗೆ ಆಯಿತೋ, ಸಿಡ್ನಿ; ಕೆಟ್ಟಿತೋ, ಮಾತಿಲ್ಲದೆ ಗಂಟುಮೂಟೆ ಕಟ್ಟಿ ಕ್ರಾನ್‌ಬರ್ನ್.

ಆ ಮೊದಲ ಕೆಲಸವೇ ಫೆರಿಮನ್ಸ್ ಆರ್ಮ್ಸ್ ಎಂಬ ಪಬ್ಬು. ವಿಂಡ್ಸರ್ ದಾಟಿ, ಹಾಕ್ಸ್‌ಬರಿ ನದಿಯ ದಂಡೆಗೆ ಇತ್ತು. ಜಾರ್ಜ್ ಹೆಸರಿನ ರಾಜರು ಒಬ್ಬರ ಹಿಂದೆ ಒಬ್ಬರು ಇಂಗ್ಲೆಂಡ್ ಆಳುತ್ತಿದ್ದಾಗ ಹುಟ್ಟಿದ ಕಟ್ಟೋಣದ ರೀತಿ ಅದು. ಆ ರಾಜರೆಲ್ಲ ಸತ್ತು ಮಣ್ಣಾದ ಮೇಲೂ ಇಲ್ಲಿನ ಗಾರೆಯವರು ಆ ರೀತಿಯ ಕೈ ಬಿಟ್ಟಿರಲಿಲ್ಲ. ಎರಡು ಅಂತಸ್ತು. ನಟ್ಟನಡುವೆ ಬಾಗಿಲು, ಬಾಗಿಲ ನೆತ್ತಿಗೆ ಬೀಸಣಿಗೆ ಬಿಚ್ಚಿಟ್ಟಂಥ ಅರ್ಧಚಂದ್ರ ಗಾಜು. ಬಾಗಿಲ ಆಚೆ ಎರಡು ಕಿಟಕಿ, ಈಚೆ ಎರಡು. ಮೇಲೆ ಸಾಲಾಗಿ ಐದು. ಒಂದೊಂದು ಕಿಟಕಿಗೂ ಮೇಲಾರು ಕೆಳಗಾರು ಪುಟ್ಟ ಗಾಜು. ಮೂಲೆಗಳಿಗೆ ಮರಳುಗಲ್ಲಿನ ಕಟ್ಟು, ಛಾವಣಿಯ ಎರಡು ತುದಿಗೆ ಎರಡು ಚಿಮಣಿ. ಎಡಗಡೆ ಏನಿದೆಯೋ ಬಲಗಡೆಯೂ ಅದೇ. ಕಂಬವಿಲ್ಲ, ಬಳ್ಳಿಯಿಲ್ಲ, ಗಿಳಿಯಿಲ್ಲ, ಕೆತ್ತನೆಯ ಗೋಜೇ ಇಲ್ಲ.

ಮೊದಲ ಸಲ ನೋಡಿದಾಗ ದ್ಯಾಮಣ್ಣ ಮನೆಗೆ ಬಂದು, "ಇದೇನ ರುದ್ರಾ, ನಮ್ಮೂರ ಸರಕಾರಿ ಸಾಲಿ ಇದ್ದಂಗ ಐತಿ," ಎಂದಿದ್ದ. ಸಾರುವೆ ಕಟ್ಟಿಕೊಂಡು ಅದರ ಮೈ ಮುಟ್ಟಿ ಕೆಲಸ ಶುರು ಮಾಡಿದ ಮೇಲೆ ಮಾತು ಬದಲಾಯಿತು. ಮೇಲಿನ ಕಿಟಕಿಗಳು ಕೆಳಗಿನವಕ್ಕಿಂತ ತುಸು ಗಿಡ್ಡ, ಅದಕ್ಕೇ ಕಟ್ಟಡ ಹಗುರಾಗಿ ನಿಂತಂತೆ ಕಾಣುತ್ತದೆ. ಕಿಟಕಿ ಕಿಟಕಿಯ ನಡುವಿನ ಗೋಡೆ ಕೂಡ ಅಳೆದು ಬಿಟ್ಟದ್ದು. ಇದನ್ನೆಲ್ಲ ದಿನಕ್ಕೊಂದು ಕಂಡುಹಿಡಿದು ಬಂದು ಊಟಕ್ಕೆ ಕೂತಾಗ ಹೇಳುವನು. "ಏನೂ ಇಲ್ಲ ಅದರಾಗ, ಬರೀ ಅಳತಿ ಐತಿ. ಅಳತಿನ ಇಷ್ಟ ಚಂದ ಇರತೈತಿ ಅಂತ ನನಗ ಗೊತ್ತಿರಲಿಲ್ಲ." ರುದ್ರಾಣಿ ರೊಟ್ಟಿ ಬಡಿಸುತ್ತ, "ನನ್ನ ನೋಡಾಕ ಬಂದಾಗ ಇಷ್ಟ ಮಾತಾಡಿದ್ದಿಲ್ಲ ನೀವು," ಅನ್ನುವಳು.

ಆ ಮುಖದಲ್ಲಿ ಒಂದು ಗುಟ್ಟಿತ್ತು. ಮೇಲಿನ ಐದರಲ್ಲಿ ಎಡತುದಿಯದು ಕಿಟಕಿಯೇ ಅಲ್ಲ. ಕೆಳಗಿನ ಕುಡಿಯುವ ಕೋಣೆಯ ಅಗ್ಗಿಷ್ಟಿಕೆಯಿಂದ ಹೊಗೆ ಹೋಗುವ ಕೊಳವೆ ಸರಿಯಾಗಿ ಅದರ ಹಿಂದೆ ಹಾದುಹೋಗುತ್ತದೆ. ಅಲ್ಲಿ ಕಿಟಕಿ ಕೊರೆಯುವಂತಿಲ್ಲ. ಬೋಳು ಬಿಟ್ಟರೆ ಎಡಬಲ ಸಮ ಆಗುವುದಿಲ್ಲ. ಹಳೆಯ ಗಾರೆಯವನು ಅಷ್ಟೇ ಅಗಲದ ಗೂಡು ಮಾಡಿ, ಒಳಗೆ ಗಾರೆ ಬಳಿದು, ಕರಿಯ ಬಣ್ಣದ ಗಾಜು, ಬಿಳಿಯ ಬಣ್ಣದ ಪಟ್ಟಿ ಬರೆದುಬಿಟ್ಟಿದ್ದ. ರಸ್ತೆಯಲ್ಲಿ ನಿಂತವರಿಗೆ ಗೊತ್ತೇ ಆಗುವುದಿಲ್ಲ. ಇಂಥದ್ದಕ್ಕೆ ಇಂಗ್ಲಿಷಿನವರು ಕುರುಡು ಕಿಟಕಿ ಅನ್ನುತ್ತಾರೆ.

ಹಳೆಯ ಕಟ್ಟಡಗಳ ಉಸ್ತುವಾರಿ ಹೊತ್ತ ಸ್ಥಳೀಯ ಕೌನ್ಸಿಲ್ ಪರವಾಗಿ ಕೆಲಸ ನೋಡಿಕೊಳ್ಳುತ್ತಿದ್ದ ಆರ್ಕಿಟೆಕ್ಟ್ ಹೆಲೆನ್ ಮೆರಿಕ್ ಮೊದಲ ದಿನವೇ ಹೇಳಿದ್ದಳು: "ಇಡೀ ಕಟ್ಟಡದಲ್ಲಿ ಯಾರೂ ಕೆದಕದೆ ಉಳಿದಿರುವ ಹಳೆಯ ಗಾರೆ ಈ ಗೂಡಿನದು, ಇದರ ಆಸುಪಾಸಿನದು ಅಷ್ಟೇ. ಜೋಪಾನ." ಹೆಲೆನ್ ಬಿಗಿ ಹೆಂಗಸು. ಗೋಡೆಗೆ ಹಳೆಯ ಕಾಲದ ಸುಣ್ಣವನ್ನೇ ಹೊಡೆಯಬೇಕು, ಪ್ಲಾಸ್ಟಿಕ್ ಬಣ್ಣ ಬಳಿದರೆ ಗೋಡೆಯ ಉಸಿರು ಕಟ್ಟುತ್ತದೆ ಎಂದು ಹಟ ಹಿಡಿದವಳು. ನಾಲ್ಕಾರು ಪೇಂಟರುಗಳು ಸುಣ್ಣ ಎಂದ ಕೂಡಲೇ ಕೈ ಎತ್ತಿದ್ದರಿಂದಲೇ ದ್ಯಾಮಣ್ಣನಿಗೆ ಕೆಲಸ ಸಿಕ್ಕಿದ್ದು. ಅವಳು ಸೈ ಅಂದರೆ ಹಳೆಯ ಕಟ್ಟಡಗಳ ಕೆಲಸಕ್ಕೆ ಕರೆಯುವವರ ಪಟ್ಟಿಗೆ ಅವನ ಹೆಸರು ಸೇರುತ್ತಿತ್ತು. ಊಹೂಂ ಅಂದರೆ ಫೋರ್ಕ್‌ಲಿಫ್ಟ್.

ಪಬ್ಬಿನ ಒಡತಿ ಬೆರಿಲ್ ಎಪ್ಪತ್ತು ದಾಟಿದ ಮುದುಕಿ. ಅವಳ ಅಜ್ಜನೂ ಅದೇ ಕಟ್ಟೆಯ ಹಿಂದೆ ನಿಂತು ಬಿಯರ್ ಸುರಿದವನಂತೆ. ದ್ಯಾಮಣ್ಣ ಕುಡಿಯುವವನಲ್ಲ, ಅವನಿಗೆ ದಿನಾ ಚಹಾ ಮಾಡಿ ಕೊಡುತ್ತಿದ್ದಳು. ಕುಡಿಯುವ ಕೋಣೆಯ ಶೆಲ್ಫಿನ ಮೇಲೆ, ಗಾಜಿನ ಪೆಟ್ಟಿಗೆಯೊಳಗೆ, ಯಾವುದೋ ಮಗುವಿನ ಹರಿದ ಚರ್ಮದ ಬೂಟು ಒಂದೇ ಒಂದು ಇತ್ತು. ದೇವರ ಜಾಗದಲ್ಲಿ ಕೆರ ಇಟ್ಟುಕೊಂಡಿದ್ದಾರಲ್ಲ ಎಂದು ದ್ಯಾಮಣ್ಣ ಒಳಗೊಳಗೇ ಮುಖ ಹಿಂಡಿದ್ದ. ಕುಡಿಯುವವರ ಮನೆಯ ರೀತಿ ಕುಡಿಯುವವರಿಗೆ ಎಂದು ಕೇಳಲು ಹೋಗಿರಲಿಲ್ಲ.

ಬೇಸಿಗೆಯ ಒಂದು ಮುಂಜಾನೆ ಕೆಲಸ ಮುಗಿಯಿತು. ಪದರದ ಮೇಲೆ ಪದರ ಸುಣ್ಣ ಕುಡಿದ ಗೋಡೆ ಕೆನೆಬಣ್ಣಕ್ಕೆ ಬಂದು ತಣ್ಣಗೆ ಹೊಳೆಯುತ್ತಿತ್ತು. ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ನೋಡತೊಡಗಿದರು. ಒಬ್ಬಳಂತೂ ಕೆಳಗೆ ನಿಂತು, "ಎಷ್ಟು ಚೆಂದ, ಒಂದು ಕೊರತೆಯೂ ಇಲ್ಲ," ಎಂದುಬಿಟ್ಟಳು.

ದ್ಯಾಮಣ್ಣನ ಎದೆ ಧಸಕ್ಕೆಂದಿತು. ಸೋದರಮಾವ ಅಡಿವೆಪ್ಪ ಯಾವ ಮನೆಗೆ ಸುಣ್ಣ ಹೊಡೆದರೂ, ಕೆಲಸ ಮುಗಿದ ಮೇಲೆ ಕಣ್ಣಿಗೆ ಬೀಳದ ಮೂಲೆಯಲ್ಲೊಂದು ಕರಿ ಬೊಟ್ಟು ಇಡದೆ ಇಳಿಯುತ್ತಿರಲಿಲ್ಲ. ಬಾಸ್‌ನ ಹಲಗೆ ಮನೆಗಳಿಗೆ ದ್ಯಾಮಣ್ಣ ಎಂದೂ ಬೊಟ್ಟಿಟ್ಟಿರಲಿಲ್ಲ. ಅವಕ್ಕೆ ಯಾರ ಕಣ್ಣು ಬೀಳಬೇಕು? ಇದು ಹಾಗಲ್ಲ, ಇದು ತನ್ನ ಕೈಯ ಕೂಸು. ವ್ಯಾನಿಗೆ ಹೋಗಿ ಅವ್ವನ ಡಬ್ಬಿ ತಂದ. ಸಾರುವೆ ಬಿಚ್ಚುವ ಮೊದಲು ಕುರುಡು ಕಿಟಕಿಯ ಚೌಕಟ್ಟಿನ ಕೆಳಗೆ, ಹೆಬ್ಬೆರಳ ಉಗುರಿನಷ್ಟು, ಕಾಡಿಗೆಯ ಬೊಟ್ಟು ಇಟ್ಟ. ಮನಸ್ಸು ನಿರಾಳವಾಯಿತು. ಮನೆಗೆ ಹೋಗಿ ಎರಡು ರೊಟ್ಟಿ ಹೆಚ್ಚೇ ಉಂಡ.

ಎಲ್ಲ ಸರಿ ಮಾರಾಯ, ಅಡಿವೆಪ್ಪ ಇಡುತ್ತಿದ್ದದ್ದು ಒಣ ಇದ್ದಿಲಿನ ಬೊಟ್ಟು. ಇವನು ಇಟ್ಟದ್ದು ಎಣ್ಣೆಯ ಬೊಟ್ಟು. ಹೊಸ ಸುಣ್ಣಕ್ಕೆ ಎಣ್ಣೆ ಸಿಕ್ಕರೆ ಸುಮ್ಮನಿರುತ್ತದೆಯೇ? ಅದರ ಮೇಲೆ ಹಾಕ್ಸ್‌ಬರಿಯ ಬಿಸಿಲು ಬೇರೆ.

ಹೆಲೆನ್ ಕಡೆಯ ಸಲ ನೋಡಿ ಹೋಗಲು ಬರುವ ದಿನ ಬೆಳಿಗ್ಗೆಯೇ ಬೆರಿಲ್ ಫೋನ್ ಮಾಡಿದಳು. ದನಿ ಸಣ್ಣಗಾಗಿತ್ತು. ದ್ಯಾಮಣ್ಣ ಓಡಿಬಂದು ನೋಡಿದರೆ ಕುರುಡು ಕಿಟಕಿಯ ಕೆಳಗೆ ಊಟದ ತಟ್ಟೆಯಷ್ಟು ಅಗಲದ ಬೂದುಗಪ್ಪು ಕಲೆ. ಕೆನೆಬಣ್ಣದ ಗೋಡೆಯಲ್ಲಿ ಅದೊಂದೇ ಕಣ್ಣಿಗೆ ರಾಚುತ್ತಿತ್ತು. ಬೊಟ್ಟು ಅವನ ನೆನಪಿಗೇ ಬರಲಿಲ್ಲ. ಅಷ್ಟು ಪುಟ್ಟದ್ದು ಇಷ್ಟು ದೊಡ್ಡದಾದೀತೆಂದು ಯಾರಾದರೂ ಎಣಿಸುತ್ತಾರೆಯೇ? ಗೋಡೆಯೊಳಗೆ ನೀರು ಕೂತಿದೆ, ತನ್ನ ಸುಣ್ಣ ಕೈಕೊಟ್ಟಿದೆ ಎಂದೇ ತಿಳಿದ.

ಹೆಲೆನ್ ಬಂದಳು. ಏಣಿ ಹತ್ತಿ, ಎರಡು ಸೂಜಿಯ ಪುಟ್ಟ ಯಂತ್ರವನ್ನು ಕಲೆಗೆ ಒತ್ತಿದಳು. ತೇವ ಇದ್ದರೆ ಕುಂಯ್ ಎನ್ನುವ ಯಂತ್ರ ಅದು. ಸದ್ದೇ ಇಲ್ಲ. ಇನ್ನೊಂದು ಕಡೆ ಒತ್ತಿದಳು. ಇಲ್ಲ. ಕೆಳಗಿಳಿದವಳ ಹುಬ್ಬು ಗಂಟಾಗಿತ್ತು.

"ನೀರಲ್ಲ. ನೀರಾಗಿದ್ದರೇ ವಾಸಿ ಇತ್ತು. ಹಿಂದೆ ಹೊಗೆಯ ಕೊಳವೆ ಇದೆಯಲ್ಲ, ಅದರ ಹಳೆಯ ಜಿಡ್ಡು ಗೋಡೆಯೊಳಗಿಂದ ಜಿನುಗುತ್ತಿರಬೇಕು. ಗೂಡನ್ನು ಒಡೆದು ನೋಡದೆ ಬೇರೆ ದಾರಿಯಿಲ್ಲ. ನಾಳೆ ಗಾರೆಯವನನ್ನು ಕರೆಸುತ್ತೇನೆ."

"ಒಡೆಯುವುದು ಅಂದರೆ ಕಿಟಕಿಯನ್ನೇ?" ಬೆರಿಲ್ ಕೇಳಿದಳು.

"ಕಿಟಕಿಯನ್ನೇ. ನನಗೂ ಮನಸ್ಸಿಲ್ಲ, ಬೆರಿಲ್."

ಮುದುಕಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಹೆಲೆನ್ ಹೊರಟುಹೋದಳು. ದ್ಯಾಮಣ್ಣ ತಡೆಯಲಾರದೆ ತಾನೂ ಏಣಿ ಹತ್ತಿದ. ಕಲೆಯ ಮೇಲೆ ಅಂಗೈ ಇಟ್ಟ. ಕೈ ಮೂಗಿನ ಹತ್ತಿರ ತಂದಾಗ ಬಂದ ವಾಸನೆ ಹೊಗೆಯದಲ್ಲ. ಎಳೆಗೂಸಿನ ನೆತ್ತಿಯ ವಾಸನೆ, ಅವ್ವನ ಸೆರಗಿನ ವಾಸನೆ. ಔಡಲೆಣ್ಣೆ.

ಬೊಟ್ಟು ನೆನಪಾಗಿ ಅವನು ಮೆಲ್ಲಗೆ ಏಣಿ ಇಳಿದು, ಬೆರಿಲ್‌ಗೂ ಹೇಳದೆ ವ್ಯಾನು ಹತ್ತಿದ.

ಮನೆಗೆ ಬಂದು ಸೋಫಾ ಮೇಲೆ ಕುಸಿದು ರುದ್ರಾಣಿಗೆ ಎಲ್ಲ ಹೇಳಿದ. ಅವಳು ಡ್ಯೂಟಿ ಮುಗಿಸಿ ಬಂದು ಇನ್ನೂ ಸಮವಸ್ತ್ರ ಬದಲಿಸಿರಲಿಲ್ಲ.

"ಹೇಳಿಬಿಡ್ರಿ ಆಕಿಗೆ," ಅಂದಳು.

"ಏನಂತ ಹೇಳ್ಲಿ? ಕಣ್ಣ ಬೀಳತೈತಿ ಅಂತ ನಿಮ್ಮ ಗ್ವಾಡಿಗೆ ಕಾಡಿಗಿ ಹಚ್ಚೀನಿ ಅಂತ? ಬಿದ್ದು ಬಿದ್ದು ನಗ್ತಾರ. ಸುಣ್ಣಕ್ಕ ಎಣ್ಣಿ ಮುಟ್ಟಿಸಿದಾವ ಅಂತ ಗೊತ್ತಾದ್ರ ಮುಂದ ಯಾರ ಕರೀತಾರ ನನ್ನ? ಸುಮ್ನ ಇದ್ರ ಹೊಗಿ ಕೊಳವಿ ಮ್ಯಾಲ ಹೋಗತೈತಿ. ನನ್ನ ಹೆಸರ ಉಳೀತೈತಿ."

"ಕಿಟಕಿ?"

ದ್ಯಾಮಣ್ಣ ಉಗುರಿಗಂಟಿದ್ದ ಸುಣ್ಣ ಕೆರೆಯತೊಡಗಿದ.

"ನೋಡ್ರಿ," ರುದ್ರಾಣಿ ಅವನ ಎದುರು ಕೂತಳು. "ನಮ್ಮ ವಾರ್ಡಿನಾಗ ಹೊಟ್ಟಿ ಕೊಯ್ಯೂದಕ್ಕಿಂತ ಮೊದಲ ಏನ್ ತಿಂದಿ ಅಂತ ಕೇಳ್ತೀವಿ. ನಾಚಿಕಿಗೆ ಬಿದ್ದು ಸುಳ್ಳ ಹೇಳಿದ್ರ ಸುಮ್ಸುಮ್ನ ಕೊಯ್ಯಬೇಕಾಗತೈತಿ. ಹೆಸರ ಹೋದ್ರ ಕ್ರಾನ್‌ಬರ್ನ್ ಐತಿ, ಹೋಗೂಣು. ಆ ಗ್ವಾಡಿ ಒಡದ ಮ್ಯಾಲ ನೀವು ಇಲ್ಲಿದ್ರೂ ನಿದ್ದಿ ಮಾಡಂಗಿಲ್ಲ. ಕಾಟ ನನಗ."

ಮರುದಿನ ದ್ಯಾಮಣ್ಣ ಹೋಗುವಷ್ಟರಲ್ಲಿ ಗಾರೆಯವನು ಬಂದಾಗಿತ್ತು. ಸುತ್ತಿಗೆ, ಉಳಿ ಹರಡಿಕೊಂಡು ಏಣಿ ಸರಿಮಾಡುತ್ತಿದ್ದ. ಹೆಲೆನ್ ಪಕ್ಕದಲ್ಲಿದ್ದಳು. ದ್ಯಾಮಣ್ಣ ವ್ಯಾನಿನ ಬಾಗಿಲು ಕೂಡ ಹಾಕದೆ ನಡೆದುಬಂದು ಏಣಿಗೆ ಅಡ್ಡ ನಿಂತ. ಜೇಬಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ಅವಳ ಮುಂದೆ ಹಿಡಿದ.

"ಒಡೆಯಬೇಡಿ. ಅದು ಹೊಗೆಯ ಜಿಡ್ಡಲ್ಲ. ನಾನು ಹಚ್ಚಿದ್ದು, ಇದು. ನಮ್ಮಲ್ಲಿ ಚೆಂದದ್ದಕ್ಕೆ ಕಣ್ಣು ಬೀಳಬಾರದು ಅಂತ ಒಂದು ಕರಿ ಬೊಟ್ಟು ಇಡುತ್ತೇವೆ. ಇದರಲ್ಲಿ ಎಣ್ಣೆ ಇದೆ ಅನ್ನುವುದು ನನಗೆ ಹೊಳೆಯಲಿಲ್ಲ. ತಪ್ಪು ಗೋಡೆಯದಲ್ಲ, ನನ್ನದು."

ಹರಕು ಇಂಗ್ಲಿಷಿನಲ್ಲಿ ಅಷ್ಟು ಹೇಳುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಹೆಲೆನ್ ಡಬ್ಬಿ ಇಸಿದುಕೊಂಡು ಮೂಸಿದಳು. ಏಣಿ ಹತ್ತಿ ಕಲೆಯನ್ನು ಮೂಸಿದಳು. ಸಣ್ಣ ಅಲಗಿನಿಂದ ಕಲೆಯ ಅಂಚಿನಲ್ಲಿ ಒಂದಿಷ್ಟು ಸುಣ್ಣ ಕೆರೆದಳು. ಒಂದು ಪದರ ಹೋಯಿತು, ಎರಡು ಹೋಯಿತು, ಕೆಳಗಿನ ಹಳೆಯ ಗಾರೆ ಹಾಲಿನಷ್ಟು ಬಿಳಿಯಾಗಿ ಕಂಡಿತು. ಎಣ್ಣೆ ಹೊಸ ಸುಣ್ಣವನ್ನಷ್ಟೇ ಕುಡಿದಿತ್ತು. ಹಳೆಯದರ ತಂಟೆಗೆ ಹೋಗಿರಲಿಲ್ಲ. ಅವಳು ಏಣಿಯ ಮೇಲೆಯೇ ನಿಂತು ದೊಡ್ಡದೊಂದು ಉಸಿರು ಬಿಟ್ಟಳು.

"ಸುಣ್ಣದ ಮೇಲೆ ಎಣ್ಣೆ," ಕೆಳಗಿಳಿದು ಹಲ್ಲು ಕಚ್ಚಿ ಹೇಳಿದಳು. "ಬೇರೆ ಯಾರಾದರೂ ಮಾಡಿದ್ದರೆ ಸೈ. ನೀನು?"

ದ್ಯಾಮಣ್ಣ ತಲೆ ತಗ್ಗಿಸಿದ. ಆಗ ಮೆಟ್ಟಿಲ ಮೇಲಿಂದ ಬೆರಿಲ್ ನಗತೊಡಗಿದಳು. ಅಪಹಾಸ್ಯದ ನಗು ಅಲ್ಲ. ಜೀವ ಬಂದವರು ನಗುತ್ತಾರಲ್ಲ, ಅಂಥದ್ದು. ಒಳಗೆ ಹೋಗಿ ಆ ಗಾಜಿನ ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದು ದ್ಯಾಮಣ್ಣನ ಕೈಯಲ್ಲಿಟ್ಟಳು.

"ಇದು ಏನು ಗೊತ್ತೇ? ನಮ್ಮಪ್ಪ ಅಗ್ಗಿಷ್ಟಿಕೆ ರಿಪೇರಿ ಮಾಡಿಸಿದಾಗ ಚಿಮಣಿಯ ಒಳಗೋಡೆಯಲ್ಲಿ ಸಿಕ್ಕಿದ್ದು. ಈ ಮನೆ ಕಟ್ಟಿದವರೇ ಇಟ್ಟದ್ದು. ಕೆಟ್ಟದ್ದು ಚಿಮಣಿಯಿಂದ ಇಳಿದು ಬರಬಾರದು ಅಂತ ಆಗಿನವರು ಹಳೆಯ ಬೂಟು ಬಚ್ಚಿಡುತ್ತಿದ್ದರು. ನಿನ್ನದು ಬೊಟ್ಟು, ಅವರದು ಬೂಟು. ಅದರಲ್ಲಿ ನಾಚಿಕೆ ಏನು ಬಂತು?"

ದ್ಯಾಮಣ್ಣ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಕೆರ ಎಂದು ಮುಖ ಹಿಂಡಿದ್ದು ನೆನಪಾಯಿತು. ಗೋಡೆ ಕಟ್ಟಿದವನಿಗೂ ತನ್ನಂಥದೇ ಪುಕ್ಕಲು ಜೀವ ಇತ್ತೆಂದು ತಿಳಿದು ಅವನಿಗೆ ಕಣ್ಣು ತುಂಬಿ ಬಂತು. ಗಾರೆಯವನು ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಚಹಾ ಕುಡಿಯಲು ಒಳಗೆ ಹೋದ.

ಆಮೇಲಿನದು ಬರೀ ಕೆಲಸ. ದ್ಯಾಮಣ್ಣ ಎಣ್ಣೆ ಕುಡಿದ ಪದರ ಕೆರೆದ, ಸೀಮೆಸುಣ್ಣದ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಸಿ ಮೆತ್ತಿ ಉಳಿದ ಜಿಡ್ಡನ್ನು ಹೀರಿಸಿದ, ಮತ್ತೆ ಪದರದ ಮೇಲೆ ಪದರ ಸುಣ್ಣ ಕೊಟ್ಟ. ಹೆಲೆನ್ ಬಂದು ನೋಡಿದಳು. ಗೋಡೆಗೆ ಕೈಯಾಡಿಸಿ, "ಸರಿ," ಅಂದಳು. ಅಷ್ಟೇ. ಕಾರು ಹತ್ತುವಾಗ ತಿರುಗಿ, "ಊರಾಚೆ ಹಳೆಯ ಚರ್ಚ್ ಒಂದಿದೆ. ಸುಣ್ಣದ್ದೇ ಕೆಲಸ. ಡಬ್ಬಿ ಮನೆಯಲ್ಲಿಟ್ಟು ಬರುವುದಾದರೆ ಬಾ," ಎಂದಳು.

ಭಾನುವಾರ ಶಿವಪುತ್ರಪ್ಪನ ಫೋನ್ ಬಂದಾಗ ಮೊಟ್ಟಮೊದಲ ಸಲ ದ್ಯಾಮಣ್ಣ ಹೆಂಡತಿಗೆ ದಾಟಿಸಲಿಲ್ಲ.

"ಗೋಡೌನ್‌ದಾಗ ಜಾಗಾ ಖಾಲಿ ಆಗೇತಿ ನೋಡ, ತಮ್ಮಾ."

"ಬ್ಯಾರೇದಾವ್ರಿಗೆ ಕೊಡ್ರಿ ಅಣ್ಣಾರ. ನನಗ ಇಲ್ಲಿ ಕೈ ತುಂಬ ಕೆಲಸಾ ಐತಿ. ನೀವ ಒಮ್ಮೆ ಇತ್ತ ಬರ್ರಿ, ನಾ ಸುಣ್ಣಾ ಹೊಡೆದ ಮನಿ ತೋರಿಸ್ತೀನಿ." ಈ ಸಲ ಆ ಕಡೆಯವನೇ, "ರುದ್ರಾಣಿ ಕೈಯಾಗ ಕೊಡ ಫೋನ," ಅಂದ. ಆ ಸುಖವನ್ನು ದ್ಯಾಮಣ್ಣ ಬಹಳ ದಿನ ಅನುಭವಿಸಿದ.

ಪಬ್ಬು ಮತ್ತೆ ತೆರೆದ ಮಧ್ಯಾಹ್ನ ರುದ್ರಾಣಿಯೂ ಬಂದಳು. ಬೆರಿಲ್ ದ್ಯಾಮಣ್ಣನ ತೋಳು ಹಿಡಿದುಕೊಂಡು, "ಇವನೇ, ಇವನೇ ನನ್ನ ಗೋಡೆಯವನು," ಎಂದು ಬಂದವರಿಗೆಲ್ಲ ತೋರಿಸಿದಳು. ಜನ ಕೈ ಕುಲುಕಿದರು, ಬೆನ್ನು ತಟ್ಟಿದರು, ಹೊಗಳಿದರು. ಹೊಗಳಿದಷ್ಟೂ ದ್ಯಾಮಣ್ಣ ಗೋಡೆಯ ಕಡೆ ನೋಡಿ ಚಡಪಡಿಸಿದ. ಕಡೆಗೆ ತಪ್ಪಿಸಿಕೊಂಡು ರಸ್ತೆಯ ಆಚೆ ಮರದ ನೆರಳಿಗೆ ಬಂದು ಹೆಂಡತಿಯ ಪಕ್ಕ ನಿಂತ.

"ಇಷ್ಟ ಮಂದಿ ನೋಡಾಕತ್ತಾರ ರುದ್ರಾ. ಒಂದ ಬೊಟ್ಟೂ ಇಲ್ಲ ಅದಕ್ಕ."

ರುದ್ರಾಣಿ ಹಣೆಗೆ ಕೈ ಅಡ್ಡ ಹಿಡಿದು ಕಟ್ಟಡವನ್ನು ಎಡದಿಂದ ಬಲಕ್ಕೆ ನೋಡಿದಳು. "ಅದರಾಗ ಖೊಟ್ಟಿ ಕಿಟಕಿ ಯಾವುದು?"

ಅವನು ಎಡತುದಿಯದನ್ನು ತೋರಿಸಿದ. ಉಳಿದ ನಾಲ್ಕರ ಗಾಜಿನಲ್ಲಿ ಆಕಾಶ ಕಾಣುತ್ತಿತ್ತು. ಅದೊಂದು ಮಾತ್ರ ಕಪ್ಪಗಿತ್ತು.

"ಅಯ್ಯ ನಿಮ್ಮ," ಅಂದಳು ರುದ್ರಾಣಿ. "ಕಟ್ಟಿದವ ಆಳೆತ್ತರದ ಕರಿ ಬೊಟ್ಟ ಇಟ್ಟ ಹೋಗ್ಯಾನ. ಇಷ್ಟ ವರ್ಷದಿಂದ ಮಾರಿ ಮ್ಯಾಲ ಇಟಗೊಂಡ ನಿಂತೈತಿ. ಅದರ ಬುಡಕ ಹೋಗಿ ನೀವು ಕಾಡಿಗಿ ಹಚ್ಚೀರಿ."

ದ್ಯಾಮಣ್ಣ ನೋಡಿದ. ಆಮೇಲೆ ಅವನಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು, ಮರಕ್ಕೆ ಒರಗಿ, ಇಷ್ಟು ದಿನದ ಹೆದರಿಕೆಯೆಲ್ಲ ಇಳಿದುಹೋಗುವವರೆಗೆ ನಕ್ಕ.

ಅವನು ನಗುತ್ತಿದ್ದಾಗಲೇ ರುದ್ರಾಣಿ ಚೀಲದಿಂದ ಡಬ್ಬಿ ತೆಗೆದಳು. ಬೆರಳಿಗೆ ತುಸು ಕಾಡಿಗೆ ತೀಡಿಕೊಂಡು ಅವನ ಕಿವಿಯ ಹಿಂದೆ ಒತ್ತಿದಳು.

"ಮಂದಿ ಹೊಗಳಾಕತ್ತಿದ್ದು ಗ್ವಾಡಿನ್ನಲ್ಲ, ನಿಮ್ಮನ್ನ," ಅಂದಳು. "ತಲಿ ಅಲ್ಲಾಡಸಬ್ಯಾಡ್ರಿ, ಹರಡೀತು."